ಹೊಟ್ಟೆ ಕೆಟ್ಟಿದ್ದು ಸೋಂಕಿನಿಂದಲೋ, ಐಬಿಡಿಯಿಂದಲೋ?

ಕರುಳಿನ ಸೋಂಕು ಮತ್ತು ಐಬಿಡಿ ಎಂದು ಕರೆಯುವ ದೀರ್ಘಕಾಲದ ಕರುಳಿನ ಉರಿಯೂತ, ಇವೆರಡರ ನಡುವಿನ ಗೊಂದಲದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಐಬಿಡಿಯಲ್ಲಿ ಮುಖ್ಯವಾಗಿ ಎರಡು ಕಾಯಿಲೆಗಳಿವೆ. ಅಲ್ಸರೇಟಿವ್ ಕೊಲೈಟಿಸ್ ಗುದನಾಳದಲ್ಲಿ ಶುರುವಾಗಿ ದೊಡ್ಡ ಕರುಳಿನುದ್ದಕ್ಕೂ ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು. ನಡುನಡುವೆ ಜಾಗ ಬಿಟ್ಟು ಬರುತ್ತದೆ, ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯಬಲ್ಲದು.

ಪ್ರಶ್ನೆ: ನನಗೆ 26 ವರ್ಷ. ಹತ್ತು ದಿನದಿಂದ ಭೇದಿ, ಅದರಲ್ಲಿ ರಕ್ತ ಮತ್ತು ಲೋಳೆ. ಒಬ್ಬ ವೈದ್ಯರು ಸೋಂಕು ಎಂದು ಆಂಟಿಬಯೋಟಿಕ್ ಬರೆದುಕೊಟ್ಟರು. ಇನ್ನೊಬ್ಬರು ಅಲ್ಸರೇಟಿವ್ ಕೊಲೈಟಿಸ್ ಇರಬಹುದು, ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನೀವು ತೀರಾ ಅಡಕತ್ತರಿಯ ಹೊತ್ತಿನಲ್ಲಿ ಕೇಳಿದ್ದೀರಿ. ಬ್ಯಾಕ್ಟೀರಿಯಾದ ಸೋಂಕಾಗಿದ್ದರೆ ಹತ್ತನೇ ದಿನಕ್ಕೆ ಇಳಿಮುಖವಾಗಿರಬೇಕಿತ್ತು. ಐಬಿಡಿ ಎಂದು ಹೇಳಿಬಿಡಲು ಇನ್ನೂ ಬೇಗ. ಇಂಥ ಬ್ಯಾಕ್ಟೀರಿಯಾಗಳಲ್ಲಿ ಸಾಲ್ಮೊನೆಲ್ಲಾ ಸಾಮಾನ್ಯವಾಗಿ 4ರಿಂದ 7 ದಿನ, ಶಿಗೆಲ್ಲಾ 5ರಿಂದ 7 ದಿನ, ಕ್ಯಾಂಪಿಲೋಬ್ಯಾಕ್ಟರ್ ಸುಮಾರು ಒಂದು ವಾರ ಕಾಡಿ ಅಡಗುತ್ತವೆ. ಎರಡು ವಾರ ದಾಟಿದರೆ ಅನುಮಾನಿಸಬೇಕು. ನಾಲ್ಕು ವಾರ ದಾಟಿದ ಭೇದಿಯನ್ನು ದೀರ್ಘಕಾಲದ್ದೆಂದೇ ಲೆಕ್ಕ ಹಾಕುತ್ತೇವೆ, ಅಲ್ಲಿ ಈ ಬ್ಯಾಕ್ಟೀರಿಯಾಗಳ ಹೆಸರು ಕೆಳಗಿಳಿದು ಐಬಿಡಿಯ ಹೆಸರು ಮೇಲೇರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಯಾವ ಯಂತ್ರಕ್ಕಿಂತಲೂ ಕ್ಯಾಲೆಂಡರ್ ಇಲ್ಲಿ ಹೆಚ್ಚು ಹೇಳುತ್ತದೆ.

ಆಮೇಲೆ ನೋಡಬೇಕಾದದ್ದು ಶುರುವಾದ ಬಗೆ. ಸೋಂಕು ತಗುಲಿದವರು ದಿನ ಮಾತ್ರವಲ್ಲ, ಎಷ್ಟೋ ಸಲ ಗಂಟೆಯನ್ನೂ ಹೇಳುತ್ತಾರೆ: ಮಧ್ಯಾಹ್ನದವರೆಗೆ ಸರಿಯಿದ್ದೆ, ಸಂಜೆ ಚಳಿ ಜ್ವರ, ರಾತ್ರಿ ಭೇದಿ. ಮೊದಲ ಒಂದೆರಡು ದಿನದಲ್ಲೇ ಜ್ವರ, ಮೊದಲ ವಾರದಲ್ಲೇ ಉಪಟಳದ ತುದಿ. ಐಬಿಡಿಯವರನ್ನು ‘ಯಾವಾಗಿನಿಂದ?’ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಕೆದಕಿದಾಗ ಮೂರು ತಿಂಗಳ ಹಿಂದೆಯೂ ಆಗಾಗ ರಕ್ತ ಕಂಡದ್ದು, ಮೂಲವ್ಯಾಧಿ ಇರಬೇಕೆಂದು ಬಿಟ್ಟದ್ದು, ತೂಕ ಇಳಿದದ್ದು ಒಂದೊಂದಾಗಿ ಹೊರಬರುತ್ತವೆ. ನಿದ್ದೆಯಿಂದ ಎಬ್ಬಿಸುವ ಭೇದಿ, ಹೋಗಿಬಂದರೂ ಮತ್ತೆ ಮಲಕ್ಕೆ ಹೋಗಬೇಕೆನಿಸುವ ಒತ್ತಡ ಎರಡರಲ್ಲೂ ಇರುತ್ತವೆ. ಆದರೆ ಅವು ವಾರಗಟ್ಟಲೆ ಮುಂದುವರಿದರೆ ಐಬಿಡಿಯ ಕಡೆ ವಾಲುತ್ತೇವೆ.

ಎಲ್ಲರೂ ಹಿಂದಿನ ದಿನದ ಊಟವನ್ನು ದೂರುವುದು ರೂಢಿ. ಅದು ಹಲವು ಸಲ ನಿರಪರಾಧಿ. ಸಾಲ್ಮೊನೆಲ್ಲಾ 6 ಗಂಟೆಯಿಂದ 6 ದಿನದೊಳಗೆ, ಶಿಗೆಲ್ಲಾ 1ರಿಂದ 3 ದಿನದಲ್ಲಿ, ಕ್ಯಾಂಪಿಲೋಬ್ಯಾಕ್ಟರ್ 2ರಿಂದ 5 ದಿನದಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ವೈದ್ಯರಿಗೆ ಹೇಳುವಾಗ ಇಡೀ ವಾರದ ಊಟ, ನೀರು, ಪ್ರಯಾಣ ಮತ್ತು ಜೊತೆಗೆ ಉಂಡವರಲ್ಲಿ ಯಾರಿಗಾದರೂ ಹೀಗಾಗಿದೆಯೇ ಎಂಬುದನ್ನು ಹೇಳಿ. ಹಿಂದಿನ ಮೂರು ತಿಂಗಳಲ್ಲಿ ತೆಗೆದುಕೊಂಡ ಆಂಟಿಬಯೋಟಿಕ್ ಮತ್ತು ನೋವಿನ ಮಾತ್ರೆಗಳನ್ನೂ ಸೇರಿಸಿ.

ರಕ್ತಪರೀಕ್ಷೆಯಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ಏರಿದೆ ಎಂದ ಮಾತ್ರಕ್ಕೆ ಯಾವ ತೀರ್ಮಾನವೂ ಆಗದು, ಎರಡರಲ್ಲೂ ಏರುತ್ತದೆ. ಹಳೆಯ ಕಾಯಿಲೆ ಬಿಟ್ಟುಹೋಗುವ ಗುರುತುಗಳು ಬೇರೆ: ಕಬ್ಬಿಣದ ಕೊರತೆಯ ರಕ್ತಹೀನತೆ, ನಾಲ್ಕೂವರೆ ಲಕ್ಷ ದಾಟಿದ ಪ್ಲೇಟ್‌ಲೆಟ್, ತಗ್ಗಿದ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್. ಕಬ್ಬಿಣದ ಕೊರತೆಯಿಂದ ಕೆಂಪು ರಕ್ತಕಣಗಳು ಗಾತ್ರದಲ್ಲಿ ಕುಗ್ಗಬೇಕಾದರೆ ವಾರಗಳು ಬೇಕು, ಹತ್ತು ದಿನದಲ್ಲಿ ಆಗುವ ಕೆಲಸವಲ್ಲ. ಬೇರೆ ಕಾರಣದಿಂದ ಮೊದಲೇ ರಕ್ತಹೀನತೆ ಇದ್ದವರಲ್ಲಿ ಮಾತ್ರ ಈ ಗುರುತು ದಾರಿ ತಪ್ಪಿಸುತ್ತದೆ.

ಈಗ ನಿಮ್ಮ ಪ್ರಶ್ನೆಗೆ. ಮಲದ ಕಲ್ಚರ್ (ಮಲದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ಗುರುತಿಸುವುದು), ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ, ಅಮೀಬಾ ಪರೀಕ್ಷೆ ಮೂರನ್ನೂ ಈಗಲೇ ಮಾಡಿಸಿ. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಕೊಲೊನೋಸ್ಕೋಪಿಗೆ ಅವಸರವಿಲ್ಲ. ಎರಡು ವಾರ ತುಂಬಿದರೂ ರಕ್ತ ನಿಲ್ಲದಿದ್ದರೆ ಎರಡನೇ ವೈದ್ಯರ ಮಾತು ಸರಿ. ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಭೇದಿ, ಅದರೊಡನೆ 37.8 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, 90 ಮೀರಿದ ನಾಡಿ, 10.5ಕ್ಕಿಂತ ಕಡಿಮೆ ಹಿಮೋಗ್ಲೋಬಿನ್, 30 ಮೀರಿದ ಇಎಸ್‌ಆರ್ (ಉರಿಯೂತ ಸೂಚಿಸುವ ಇನ್ನೊಂದು ರಕ್ತಪರೀಕ್ಷೆ), ಇವುಗಳಲ್ಲಿ ಒಂದಿದ್ದರೂ ಕಾಯುವ ಮಾತಿಲ್ಲ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ತೀವ್ರ ಎಂದು ಅಳೆಯುವ ಗೆರೆಯೇ ಇದು, ಆಸ್ಪತ್ರೆಗೆ ದಾಖಲಾಗಬೇಕು. ಅಂಥವರಲ್ಲಿ ಪೂರ್ತಿ ಕೊಲೊನೋಸ್ಕೋಪಿಯ ಬದಲು ಭೇದಿ ಔಷಧ ಕುಡಿಸದೆ ಕೆಳಗಿನ ಭಾಗವನ್ನಷ್ಟೇ ನೋಡುವ ಸಿಗ್ಮಾಯ್ಡೋಸ್ಕೋಪಿ ಮಾಡುತ್ತಾರೆ, ಏಕೆಂದರೆ ಹುಣ್ಣಾಗಿ ಉಬ್ಬಿದ ಕರುಳು ಹೆಚ್ಚು ಗಾಳಿ ತಾಳದೆ ತೂತಾಗುವ ಅಪಾಯವಿದೆ.

ಪ್ರಶ್ನೆ: ಭೇದಿ ಶುರುವಾದ ಐದನೇ ದಿನ ಮಲದ ಕ್ಯಾಲ್‌ಪ್ರೊಟೆಕ್ಟಿನ್ 900 ಬಂದಿದೆ. 250ಕ್ಕಿಂತ ಹೆಚ್ಚಿದ್ದರೆ ಐಬಿಡಿ ಎಂದು ಎಲ್ಲೆಡೆ ಬರೆದಿದೆ. ನನಗೆ ನಿದ್ದೆಯೇ ಬರುತ್ತಿಲ್ಲ.

ಉತ್ತರ: ಆ ಪರೀಕ್ಷೆಯನ್ನು ತಪ್ಪು ದಿನ ಮಾಡಿಸಿದ್ದೀರಿ, ಅಷ್ಟೇ. ಕ್ಯಾಲ್‌ಪ್ರೊಟೆಕ್ಟಿನ್ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದೊಳಗಿನ ಪ್ರೋಟೀನ್. ಆ ಕಣಗಳು ಕರುಳಿನೊಳಕ್ಕೆ ಸೋರಿದಾಗಲೆಲ್ಲ ಮಲದಲ್ಲಿ ಅದು ಏರುತ್ತದೆ. ಕಣಗಳನ್ನು ಕರೆದದ್ದು ಶಿಗೆಲ್ಲಾವೋ ಐಬಿಡಿಯೋ ಎಂಬುದು ಅದಕ್ಕೆ ಗೊತ್ತಿಲ್ಲ. ಮನೆಯ ಹೊಗೆ ಗಂಟೆಯಂತೆ: ಬೆಂಕಿ ಹೇಗೆ ಹೊತ್ತಿತೆಂದು ಅದು ಹೇಳದು.

ಈ ಪರೀಕ್ಷೆ ನಿಜವಾಗಿ ಬೇರ್ಪಡಿಸುವುದು ಐಬಿಡಿಯನ್ನು ಐಬಿಎಸ್‌ನಿಂದ, ಅಂದರೆ ಉರಿಯೂತವಿಲ್ಲದೆ ಕರುಳಿನ ನಡೆ ಮಾತ್ರ ಕೆಟ್ಟ ಸ್ಥಿತಿಯಿಂದ. ಒಂದು ಗ್ರಾಂ ಮಲಕ್ಕೆ 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಐಬಿಡಿಯ ಸಾಧ್ಯತೆ ತುಂಬಾ ಕಡಿಮೆ; 50ರಿಂದ 250 ಅಸ್ಪಷ್ಟ ಪ್ರದೇಶ; ಅದಕ್ಕೂ ಮೇಲೆ ಉರಿಯೂತ ಖಚಿತ, ಕಾರಣ ಮಾತ್ರ ಅಲ್ಲ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳೂ, ಒಮೆಪ್ರಜೋಲ್ ಗುಂಪಿನ ಆಮ್ಲ ತಗ್ಗಿಸುವ ಮಾತ್ರೆಗಳೂ ಅಂಕಿಯನ್ನು ಏರಿಸುತ್ತವೆ. ಭೇದಿ ನಿಂತ ಮೇಲೆ 4ರಿಂದ 6 ವಾರ ಬಿಟ್ಟು, ವೈದ್ಯರನ್ನು ಕೇಳಿ ಆ ಮಾತ್ರೆಗಳನ್ನು ನಿಲ್ಲಿಸಿ, ಅದೇ ಲ್ಯಾಬ್‌ನಲ್ಲಿ ಮತ್ತೆ ಮಾಡಿಸಿ. ಲ್ಯಾಬ್ ಬದಲಾದರೆ ಕಿಟ್ ಬದಲಾಗಿ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ. 900 ಇದ್ದದ್ದು 60ಕ್ಕೆ ಇಳಿದರೆ ಅದು ಸೋಂಕಿನ ನಡವಳಿಕೆ. ಏರಿದ್ದು ಏರಿದಲ್ಲೇ ನಿಂತರೆ ಆಗ ಕೊಲೊನೋಸ್ಕೋಪಿ.

ಪ್ರಶ್ನೆ: ಮಲದ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ. ಹಾಗಾದರೆ ಸೋಂಕಿಲ್ಲ ಎಂದು ಅರ್ಥವೇ?

ಉತ್ತರ: ಇಲ್ಲ. ಹುಡುಕಿದ್ದು ಸಿಗಲಿಲ್ಲ ಎಂದು ಅರ್ಥ. ಏನನ್ನು ಹುಡುಕಿದರು, ಮಾದರಿ ಯಾವ ಸ್ಥಿತಿಯಲ್ಲಿ ತಲುಪಿತು ಎಂಬುದರ ಮೇಲೆ ಎಲ್ಲ ನಿಂತಿದೆ.

ಹಲವು ಲ್ಯಾಬ್‌ಗಳ ಸಾಮಾನ್ಯ ಕಲ್ಚರ್ ಸಾಲ್ಮೊನೆಲ್ಲಾ ಮತ್ತು ಶಿಗೆಲ್ಲಾಗಳನ್ನಷ್ಟೇ ಹುಡುಕುತ್ತದೆ. ಕ್ಯಾಂಪಿಲೋಬ್ಯಾಕ್ಟರ್‌ಗೆ ಆಮ್ಲಜನಕ ಕಡಿಮೆ ಇರುವ ಡಬ್ಬಿ ಮತ್ತು 42 ಡಿಗ್ರಿ ಶಾಖ ಬೇಕು. ಯೆರ್ಸಿನಿಯಾ ತಂಪಿನಲ್ಲೂ ಬೆಳೆಯುವ ಜೀವಿ, ಅದಕ್ಕೆ ಬೇರೆ ಮಾಧ್ಯಮವಿದೆ. ಇ. ಕೋಲೈನ ಒ157 ತಳಿಗೆ ಸಾರ್ಬಿಟಾಲ್ ಇರುವ ತಟ್ಟೆ ಬೇಕು. ಚೀಟಿಯಲ್ಲಿ ‘ಮಲದ ಕಲ್ಚರ್’ ಎಂದಷ್ಟೇ ಇದ್ದರೆ ಇವುಗಳ ಕಡೆ ಯಾರೂ ತಿರುಗಿ ನೋಡದಿರಬಹುದು. ವೈದ್ಯರು ಹೆಸರು ಹಿಡಿದು ಬರೆಯಬೇಕು.

ಮಾದರಿ ಕೊಡುವುದರಲ್ಲಿ ಆಗುವ ಎಡವಟ್ಟುಗಳು ಇನ್ನೂ ಹೆಚ್ಚು. ಆಂಟಿಬಯೋಟಿಕ್‌ನ ಮೊದಲ ಮಾತ್ರೆಗೆ ಮುನ್ನವೇ ಕೊಡಬೇಕು. ಎರಡು ಡೋಸ್ ಒಳಗೆ ಹೋದ ಮೇಲೆ ಕೊಟ್ಟ ಮಾದರಿಯಲ್ಲಿ ‘ಬೆಳೆದಿಲ್ಲ’ ಎಂದು ಬಂದರೆ ಅದಕ್ಕೆ ಬೆಲೆ ಕಡಿಮೆ. ಅಗಲ ಬಾಯಿಯ, ಒಣಗಿದ, ಸ್ವಚ್ಛ ಡಬ್ಬಿ ಇರಲಿ. ಮೂತ್ರವಾಗಲಿ ಶೌಚದ ನೀರಾಗಲಿ ಬೆರೆಯಬಾರದು. ರಕ್ತ ಅಥವಾ ಲೋಳೆ ಇರುವ ಭಾಗವನ್ನೇ ಆರಿಸಿ ಹಾಕಿ, ರೋಗಾಣು ಹೆಚ್ಚಿರುವುದು ಅಲ್ಲಿ. ಎರಡು ಗಂಟೆಯೊಳಗೆ ಲ್ಯಾಬ್ ತಲುಪಬೇಕು. ಅದಾಗದಿದ್ದರೆ ಮೊದಲೇ ಕೇಳಿ ಕ್ಯಾರಿ-ಬ್ಲೇರ್ ಎಂಬ ಸಾಗಣೆ ದ್ರವವಿರುವ ಕೊಳವೆ ಪಡೆಯಿರಿ. ಶಿಗೆಲ್ಲಾ ಮಲದಲ್ಲಿ ಬೇಗ ಸಾಯುವ ಜೀವಿ. ಅಮೀಬಾದ ಚಲಿಸುವ ರೂಪವಂತೂ ಅರ್ಧ ಗಂಟೆಯೊಳಗೆ ಸೂಕ್ಷ್ಮದರ್ಶಕದ ಕೆಳಗೆ ಹೋಗಬೇಕು. ಹಾಗಾಗಿ ಅದಕ್ಕೆ ಲ್ಯಾಬ್‌ನಲ್ಲೇ ಮಾದರಿ ಕೊಡುವುದು ಉತ್ತಮ, ಬೇರೆ ಬೇರೆ ದಿನ ಮೂರು ಸಲ.

ಅಮೀಬಾದ ವಿಷಯದಲ್ಲಿ ಇನ್ನೊಂದು ತೊಡಕಿದೆ. ‘ಅಮೀಬಾ ಸಿಸ್ಟ್ ಕಂಡಿದೆ’, ಅಂದರೆ ಚಿಪ್ಪುಗಟ್ಟಿದ ಅಮೀಬಾ ಇದೆ ಎಂಬ ವರದಿ ಹಿಡಿದು ವರ್ಷಗಟ್ಟಲೆ ಅಮೀಬಾ ಕೊಲ್ಲುವ ಮೆಟ್ರೊನಿಡಜೋಲ್ ನುಂಗಿ, ಕೊನೆಗೆ ಐಬಿಡಿ ಎಂದು ಗೊತ್ತಾಗುವವರಿದ್ದಾರೆ. ಕಾಯಿಲೆ ತರುವ ಎಂಟಮೀಬಾ ಹಿಸ್ಟೊಲಿಟಿಕಾ ಮತ್ತು ನಿರಪಾಯಕಾರಿ ಎಂಟಮೀಬಾ ಡಿಸ್ಪಾರ್ ಎರಡರ ಸಿಸ್ಟ್‌ಗಳೂ ಸೂಕ್ಷ್ಮದರ್ಶಕದಲ್ಲಿ ಒಂದೇ ಥರ. ಬೇರ್ಪಡಿಸಲು ಆ್ಯಂಟಿಜೆನ್ ಪರೀಕ್ಷೆ ಅಥವಾ ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಬೇಕು. ಒಡಲಲ್ಲಿ ಕೆಂಪು ರಕ್ತಕಣ ನುಂಗಿಕೊಂಡಿರುವ ಅಮೀಬಾ ಕಂಡರೆ ಮಾತ್ರ ಹಿಸ್ಟೊಲಿಟಿಕಾದ ಬಗ್ಗೆ ಅನುಮಾನ ಬಲವಾಗುತ್ತದೆ.

ಒಂದೇ ಸಲ ಹತ್ತಿಪ್ಪತ್ತು ರೋಗಾಣುಗಳನ್ನು ಹುಡುಕುವ ಪಿಸಿಆರ್ ಪ್ಯಾನೆಲ್ ಗಂಟೆಗಳಲ್ಲಿ ಉತ್ತರ ಕೊಡುತ್ತದೆ, ಕಲ್ಚರ್‌ಗೆ ಎರಡು ಮೂರು ದಿನ ಬೇಕು. ಆದರೆ ಪಿಸಿಆರ್ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಹಿಡಿಯುತ್ತದೆ. ಯಾವ ಆಂಟಿಬಯೋಟಿಕ್ ನಾಟುತ್ತದೆ ಎಂದು ಅದರಿಂದ ಪೂರ್ತಿ ತಿಳಿಯದು, ಅದಕ್ಕೆ ಕಲ್ಚರ್ ಬೇಕೇ ಬೇಕು. ಇನ್ನು, ಮಲದಲ್ಲಿ ‘ಪಸ್ ಸೆಲ್’ (ಕೀವಿನ ಕಣ, ಅಂದರೆ ಬಿಳಿ ರಕ್ತಕಣ) ಕಂಡದ್ದನ್ನೇ ಸೋಂಕಿನ ಸಾಕ್ಷಿ ಎಂದು ಓದಬೇಡಿ. ಐಬಿಡಿಯಲ್ಲೂ ಅವು ಧಾರಾಳವಾಗಿರುತ್ತವೆ.

ಪ್ರಶ್ನೆ: ನನ್ನ ತಂಗಿಗೆ ನಾಲ್ಕು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್. ಹತೋಟಿಯಲ್ಲಿತ್ತು, ಈಗ ಮತ್ತೆ ರಕ್ತಭೇದಿ. ಹಿಂದಿನ ಸಲದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಮನೆಯಲ್ಲಿದೆ. ಶುರು ಮಾಡಬಹುದೇ?

ಉತ್ತರ: ದಯವಿಟ್ಟು ನೀವೇ ಶುರು ಮಾಡಬೇಡಿ. ಐಬಿಡಿ ಇರುವವರಿಗೂ ಸೋಂಕು ತಗಲುತ್ತದೆ, ಮರುಕಳಿಕೆಯ ವೇಷದಲ್ಲೇ ಬರುತ್ತದೆ. ಐಬಿಡಿ ಎಂಬ ಹಣೆಪಟ್ಟಿ ಒಮ್ಮೆ ಬಿದ್ದ ಮೇಲೆ ಮಲಪರೀಕ್ಷೆಯನ್ನೇ ಮರೆಯುವುದು ವೈದ್ಯರ ಕಡೆಯಿಂದಲೂ ಆಗುವ ಲೋಪ.

ಮುಖ್ಯವಾಗಿ ಹುಡುಕಬೇಕಾದ್ದು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್. ಸಾಮಾನ್ಯರಲ್ಲಿ ಇದು ಹೆಚ್ಚಾಗಿ ಆಂಟಿಬಯೋಟಿಕ್ ತೆಗೆದುಕೊಂಡ ಬಳಿಕ ಬರುತ್ತದೆ. ಐಬಿಡಿ ಇರುವವರಲ್ಲಿ ಅದಿಲ್ಲದೆಯೂ ಬರುತ್ತದೆ. ಕೊಲೊನೋಸ್ಕೋಪಿಯಲ್ಲಿ ಈ ಸೋಂಕಿನ ಗುರುತಾದ ಹಳದಿ ಪೊರೆಗಳು ಐಬಿಡಿ ರೋಗಿಗಳಲ್ಲಿ ಬಹುತೇಕ ಕಾಣುವುದೇ ಇಲ್ಲ. ಹಾಗಾಗಿ ಮಲದ ಪರೀಕ್ಷೆಯೇ ಗತಿ: ಜಿಡಿಎಚ್ (ಆ ಬ್ಯಾಕ್ಟೀರಿಯಾದ ಕಿಣ್ವ) ಮತ್ತು ಟಾಕ್ಸಿನ್ (ಅದು ಸ್ರವಿಸುವ ವಿಷ) ಎರಡನ್ನೂ ನೋಡಬೇಕು. ಪಿಸಿಆರ್ ಮಾತ್ರ ಪಾಸಿಟಿವ್, ಟಾಕ್ಸಿನ್ ನೆಗೆಟಿವ್ ಎಂದು ಬಂದರೆ ಆ ಬ್ಯಾಕ್ಟೀರಿಯಾ ಸುಮ್ಮನೆ ಬೀಡುಬಿಟ್ಟಿರಲೂಬಹುದು. ತೆಳ್ಳಗಿನ ಮಲವನ್ನಷ್ಟೇ ಪರೀಕ್ಷಿಸಬೇಕು, ಗಟ್ಟಿ ಮಲದಲ್ಲಿ ಇದನ್ನು ಹುಡುಕುವುದು ವ್ಯರ್ಥ. ಚಿಕಿತ್ಸೆಯಲ್ಲಿ ವ್ಯಾಂಕೊಮೈಸಿನ್ 125 ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ, 10 ದಿನ, ಬಾಯಿಯ ಮೂಲಕ ಕೊಡುತ್ತಾರೆ. ರಕ್ತನಾಳಕ್ಕೆ ಕೊಟ್ಟ ವ್ಯಾಂಕೊಮೈಸಿನ್ ಕರುಳಿನೊಳಕ್ಕೆ ಬೇಕಾದಷ್ಟು ಇಳಿಯುವುದಿಲ್ಲ. ಭೇದಿ ನಿಂತ ಮೇಲೆ ‘ವಾಸಿಯಾಯಿತೇ’ ಎಂದು ಮತ್ತೆ ಪರೀಕ್ಷೆ ಬೇಡ, ವಾರಗಟ್ಟಲೆ ಪಾಸಿಟಿವ್ ಬರುತ್ತಲೇ ಇರಬಹುದು.

ಅಮೀಬಾದ ಹುಣ್ಣಿಗೆ ಕೊಲೈಟಿಸ್ ಎಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ ಕರುಳು ಉಬ್ಬಿ ತೂತಾಗುವ ಮಟ್ಟಕ್ಕೆ ಹೋಗಬಹುದು. ಹುಡುಕಬೇಕಾದ ಇನ್ನೊಂದು ಸೋಂಕು ಸೈಟೊಮೆಗಲೊವೈರಸ್. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಟ್ಟರೂ ಮೂರರಿಂದ ಐದು ದಿನದಲ್ಲಿ ಬಗ್ಗದ ಕೊಲೈಟಿಸ್‌ನಲ್ಲಿ ಇದನ್ನು ಅನುಮಾನಿಸಿ, ಹುಣ್ಣಿನ ಬಯಾಪ್ಸಿಗೆ, ಅಂದರೆ ಅಲ್ಲಿಂದ ತೆಗೆದ ಚೂರಿಗೆ, ವೈರಸ್ಸನ್ನು ಎತ್ತಿ ತೋರಿಸುವ ಇಮ್ಯುನೋಹಿಸ್ಟೋಕೆಮಿಸ್ಟ್ರಿ ಬಣ್ಣ ಹಾಕಿ ನೋಡುತ್ತಾರೆ.

ಇದರ ಇನ್ನೊಂದು ಮಗ್ಗುಲೂ ಇದೆ. ಸ್ಥಿತಿ ತೀವ್ರವಾಗಿದ್ದರೆ ಕಲ್ಚರ್ ವರದಿಗಾಗಿ ಮೂರು ದಿನ ಕೈಕಟ್ಟಿ ಕೂರುವುದಿಲ್ಲ. ಮಾದರಿ ಕಳಿಸಿ, ಕಣ್ಗಾವಲಿನಲ್ಲಿಟ್ಟು ಸ್ಟೀರಾಯ್ಡ್ ಶುರು ಮಾಡುವುದು ಆಸ್ಪತ್ರೆಯ ಕ್ರಮ. ನಿಮ್ಮ ತಂಗಿ ಈಗಾಗಲೇ ಕೆಲವು ವಾರಗಳಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಸೋಂಕಿನ ಹೆದರಿಕೆಯಿಂದ ಥಟ್ಟನೆ ನಿಲ್ಲಿಸುವುದೂ ಅಪಾಯ. ಕೊಲೈಟಿಸ್ ಹತೋಟಿಯಲ್ಲಿಡುವ ಮೆಸಲಮೈನ್ ಔಷಧ ತಪ್ಪಿಸಿದ್ದಾರೆಯೇ, ತಲೆನೋವಿಗೋ ಮುಟ್ಟಿನ ನೋವಿಗೋ ಐಬುಪ್ರೊಫೇನ್ ನುಂಗಿದ್ದಾರೆಯೇ ಎಂದೂ ಕೇಳಿ ನೋಡಿ.

ಪ್ರಶ್ನೆ: ಬಯಾಪ್ಸಿ ಮಾಡಿದರೂ ‘ನಾನ್‌ಸ್ಪೆಸಿಫಿಕ್ ಕೊಲೈಟಿಸ್’, ಅಂದರೆ ಇಂಥದ್ದೇ ಎಂದು ಹೇಳಲಾಗದ ಉರಿಯೂತ ಎಂದು ಬಂದಿದೆ. ಇಷ್ಟೆಲ್ಲ ಮಾಡಿಸಿ ಏನು ಸಿಕ್ಕಿತು?

ಉತ್ತರ: ಸಾಮಾನ್ಯವಾಗಿ ಇದಾಗುವುದು ಎರಡು ಕಾರಣಕ್ಕೆ: ಬೇಗ ತೆಗೆದದ್ದು, ಇಲ್ಲವೇ ಕಡಿಮೆ ತೆಗೆದದ್ದು. ಕರುಳಿನ ಒಳಪದರದಲ್ಲಿ ಕ್ರಿಪ್ಟ್ ಎಂಬ ಕೊಳವೆಯಾಕಾರದ ಗ್ರಂಥಿಗಳು ಸಾಲಾಗಿ ನಿಂತಿರುತ್ತವೆ. ಬ್ಯಾಕ್ಟೀರಿಯಾದ ಸೋಂಕಿನಲ್ಲಿ ನ್ಯೂಟ್ರೋಫಿಲ್‌ಗಳು ಮೇಲ್ಪದರದಲ್ಲಿ ಮುತ್ತಿಕೊಂಡರೂ ಸಾಲು ಕೆಡುವುದಿಲ್ಲ. ಐಬಿಡಿಯಲ್ಲಿ ಕ್ರಿಪ್ಟ್‌ಗಳು ಕವಲೊಡೆದು, ಮೋಟಾಗಿ, ಅಂಕುಡೊಂಕಾಗುತ್ತವೆ, ಅವುಗಳ ಬುಡದಲ್ಲಿ ಪ್ಲಾಸ್ಮಾ ಕಣಗಳೆಂಬ ರೋಗನಿರೋಧಕ ಕಣಗಳು ತುಂಬಿರುತ್ತವೆ. ಬುಡದ ಪ್ಲಾಸ್ಮಾ ಕಣಗಳು ಮೊದಲು ಕಾಣುತ್ತವೆ. ಕ್ರಿಪ್ಟ್ ವಿರೂಪವಾಗಲು ನಾಲ್ಕಾರು ವಾರ ಹಿಡಿಯುತ್ತದೆ. ಎರಡನೇ ವಾರದ ಬಯಾಪ್ಸಿಯಲ್ಲಿ ಅದನ್ನು ಕಾಣದಿದ್ದರೆ ಐಬಿಡಿ ಇಲ್ಲವೆಂದೇನೂ ಅಲ್ಲ.

ಮೊದಲ ಸಲ ನೋಡುವಾಗ ಸಣ್ಣ ಕರುಳಿನ ತುದಿ ಮತ್ತು ಗುದನಾಳ ಸೇರಿ ಕನಿಷ್ಠ ಐದು ಜಾಗಗಳಿಂದ ಎರಡೆರಡು ಚೂರು ತೆಗೆಯಬೇಕು. ಚೆನ್ನಾಗಿ ಕಾಣುವ ಜಾಗದಿಂದಲೂ. ಒಂದೊಂದು ಜಾಗದ್ದನ್ನು ಬೇರೆ ಬೇರೆ ಶೀಶೆಗೆ ಹಾಕಿ ಹೆಸರು ಬರೆಯಬೇಕು. ಎಲ್ಲವನ್ನೂ ಒಂದೇ ಶೀಶೆಗೆ ಸುರಿದರೆ ಉರಿಯೂತ ಎಡೆಬಿಡದೆ ಇದೆಯೋ ನಡುವೆ ಬಿಟ್ಟುಬಿಟ್ಟಿದೆಯೋ ಎಂದು ಹೇಳಲು ಪೆಥಾಲಜಿಸ್ಟ್‌ಗೆ ದಾರಿಯೇ ಇರುವುದಿಲ್ಲ. ಭೇದಿ ಎಷ್ಟು ದಿನದಿಂದ, ಯಾವ ಔಷಧ ನಡೆಯುತ್ತಿದೆ ಎಂಬುದು ಚೀಟಿಯಲ್ಲಿರಬೇಕು. ನಿಮ್ಮ ತೊಂದರೆ ಮುಂದುವರಿದಿದ್ದರೆ ಒಂದೆರಡು ತಿಂಗಳ ಬಳಿಕ ಮತ್ತೆ ಬಯಾಪ್ಸಿ ಮಾಡಿಸುವುದು ದಂಡವಲ್ಲ.

ಪ್ರಶ್ನೆ: ಸಣ್ಣ ಕರುಳಿನ ತುದಿಯಲ್ಲಿ ಹುಣ್ಣುಗಳಿವೆ. ಕ್ರೋನ್ಸ್ ಅಥವಾ ಕ್ಷಯ ಎನ್ನುತ್ತಿದ್ದಾರೆ. ಎರಡು ಬೇರೆ ಕಾಯಿಲೆಗಳನ್ನು ಬೇರ್ಪಡಿಸಲು ಇಷ್ಟು ಕಷ್ಟವೇ?

ಉತ್ತರ: ಕಷ್ಟವೇ. 1932ರಲ್ಲಿ ನ್ಯೂಯಾರ್ಕ್‌ನ ಬರ್ರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು ಈ ಕಾಯಿಲೆಯನ್ನು ಪ್ರತ್ಯೇಕವಾಗಿ ವರ್ಣಿಸುವ ಮುನ್ನ ಇಂಥ ಹಲವರಿಗೆ ಕ್ಷಯವೆಂದೇ ಹೆಸರಿಡುತ್ತಿದ್ದರು. ಎರಡಕ್ಕೂ ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ಜಾಗವೇ ಇಷ್ಟ, ಎರಡರಲ್ಲೂ ಗ್ರ್ಯಾನುಲೋಮಾ ಎಂಬ ಕಣಗಂಟುಗಳು ಕಾಣುತ್ತವೆ.

ಅಡ್ಡಡ್ಡ ಹುಣ್ಣು, ಎರಡು ಕರುಳು ಕೂಡುವಲ್ಲಿ ಸದಾ ಬಾಯಿ ತೆರೆದುಕೊಂಡ ಕವಾಟ, ಸಿಟಿ ಸ್ಕ್ಯಾನ್‌ನಲ್ಲಿ ನಡುಭಾಗ ಕೊಳೆತ ದುಗ್ಧಗ್ರಂಥಿಗಳು, ಹೊಟ್ಟೆಯಲ್ಲಿ ನೀರು, ಸಂಜೆ ಜ್ವರ: ಇವು ಕ್ಷಯದ ಕಡೆ. ಉದ್ದುದ್ದ ಹುಣ್ಣು, ನಡುವೆ ಬಿಟ್ಟುಬಿಟ್ಟು ಹಲವೆಡೆ ಕಾಯಿಲೆ, ಗುದದ್ವಾರದ ಸುತ್ತ ಫಿಸ್ಟುಲಾ ಎಂಬ ಅಸಹಜ ಸುರಂಗ: ಇವು ಕ್ರೋನ್ಸ್ ಕಡೆ. ಬಯಾಪ್ಸಿಯಲ್ಲಿ ನಡುವೆ ಕೊಳೆತ, ದೊಡ್ಡ, ಒಂದಕ್ಕೊಂದು ಕೂಡಿಕೊಂಡ ಗ್ರ್ಯಾನುಲೋಮಾ ಇದ್ದರೆ ಕ್ಷಯ. ಬಯಾಪ್ಸಿಯ ಚೂರನ್ನು ಕ್ಷಯದ ಕಲ್ಚರ್ ಮತ್ತು ಕ್ಷಯದ ರೋಗಾಣುವಿನ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್‌ಗೂ ಕಳಿಸಬೇಕು. ಕಲ್ಚರ್‌ಗೆ ಹೋಗುವ ಚೂರು ರೋಗಾಣುವನ್ನು ಕೊಲ್ಲುವ ಫಾರ್ಮಲಿನ್‌ಗೆ ಬೀಳಬಾರದು, ಸಲೈನ್‌ನಲ್ಲಿ ಹೋಗಬೇಕು. ಈ ಒಂದು ಎಡವಟ್ಟಿನಿಂದ ಇಡೀ ಪರೀಕ್ಷೆ ಹಾಳಾಗುತ್ತದೆ. ಕರುಳಿನ ಕ್ಷಯದಲ್ಲಿ ಜೀನ್‌ಎಕ್ಸ್‌ಪರ್ಟ್ ಪಾಸಿಟಿವ್ ಬಂದರೆ ನಂಬಬಹುದು, ನೆಗೆಟಿವ್ ಬಂದರೆ ನೆಮ್ಮದಿ ಪಡುವಂತಿಲ್ಲ. ಮ್ಯಾಂಟೂ ಚರ್ಮಪರೀಕ್ಷೆ ಅಥವಾ ಇಗ್ರಾ ರಕ್ತಪರೀಕ್ಷೆ ಪಾಸಿಟಿವ್ ಎಂಬುದು ಎಂದೋ ಕ್ಷಯದ ರೋಗಾಣು ಒಳಹೊಕ್ಕಿದೆ ಎಂದಷ್ಟೇ ಹೇಳುತ್ತದೆ.

ಆಗಲೂ ಬಗೆಹರಿಯದಿದ್ದರೆ, ಕ್ಷಯ ಹೆಚ್ಚಿರುವ ಪ್ರದೇಶಗಳಲ್ಲಿ, ಮೊದಲು ಕ್ಷಯದ ಔಷಧ ಕೊಟ್ಟು ಎರಡು ಮೂರು ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡುತ್ತಾರೆ. ಹುಣ್ಣು ಮಾಯ್ದಿದ್ದರೆ ಕ್ಷಯ, ಔಷಧ ಆರು ತಿಂಗಳು ಪೂರ್ತಿ. ‘ಈಗ ಚೆನ್ನಾಗಿದ್ದೇನೆ’ ಎಂದು ಆ ಎರಡನೇ ಕೊಲೊನೋಸ್ಕೋಪಿಯನ್ನು ತಪ್ಪಿಸಬೇಡಿ. ಕ್ರೋನ್ಸ್ ಇದ್ದವರಿಗೂ ಕ್ಷಯದ ಔಷಧದಲ್ಲಿ ಒಮ್ಮೊಮ್ಮೆ ಹಾಯೆನಿಸುತ್ತದೆ, ಹುಣ್ಣು ಮಾತ್ರ ಇದ್ದಲ್ಲೇ ಇರುತ್ತದೆ. ಈ ಅನುಕ್ರಮಕ್ಕೆ ಕಾರಣವಿದೆ: ಕ್ಷಯವಿದ್ದವರಿಗೆ ಕ್ರೋನ್ಸ್ ಎಂದುಕೊಂಡು ಸ್ಟೀರಾಯ್ಡ್ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟರೆ ಕ್ಷಯ ಮೈಯೆಲ್ಲ ಹರಡಬಹುದು.

ನಿಮ್ಮದು ಕೆಲವೇ ದಿನಗಳ ಕಾಯಿಲೆಯಾಗಿದ್ದು, ಬಲಗಡೆ ಕೆಳಹೊಟ್ಟೆ ನೋವು, ಜ್ವರ ಇದ್ದರೆ ಯೆರ್ಸಿನಿಯಾವನ್ನೂ ನೆನೆಯಬೇಕು. ಅಪೆಂಡಿಸೈಟಿಸ್ ಎಂದು ಹೊಟ್ಟೆ ಕೊಯ್ದು ನೋಡಿದಾಗ ಅಪೆಂಡಿಕ್ಸ್ ಸರಿಯಿದ್ದು ಪಕ್ಕದ ಸಣ್ಣ ಕರುಳು ಕೆಂಪಗೆ ಊದಿರುವುದು ಇದರ ಹಳೆಯ ಚಾಳಿ.

ಪ್ರಶ್ನೆ: ಮಗುವಿಗೆ ರಕ್ತಭೇದಿ, ಜ್ವರವೇನೂ ಇಲ್ಲ. ಭೇದಿ ನಿಲ್ಲಿಸುವ ಲೊಪರಮೈಡ್ ಕೊಡಬಹುದೇ?

ಉತ್ತರ: ಬೇಡ. ರಕ್ತ ಇದ್ದಾಗ ದೊಡ್ಡವರಿಗೂ ಬೇಡ. ಸೋಂಕಾಗಲಿ ಕೊಲೈಟಿಸ್ ಆಗಲಿ, ಕರುಳಿನ ಚಲನೆಯನ್ನು ಕಟ್ಟಿಹಾಕಿದರೆ ಅದು ಉಬ್ಬಿಕೊಳ್ಳುವ ಅಪಾಯವಿದೆ. ಜ್ವರವಿಲ್ಲದ ರಕ್ತಭೇದಿ ಮಕ್ಕಳಲ್ಲಿ ಶಿಗಾ ವಿಷ ಸ್ರವಿಸುವ ಇ. ಕೋಲೈ ಇರಬಹುದೆಂಬ ಸೂಚನೆ. ಅದರಲ್ಲಿ ಆಂಟಿಬಯೋಟಿಕ್ ಕೂಡ ಕೆಡುಕು ಮಾಡಬಹುದು, ಆದ್ದರಿಂದ ಪರೀಕ್ಷೆಗೆ ಮುನ್ನ ಮನೆಯಲ್ಲಿದ್ದ ಸಿರಪ್ ಕುಡಿಸಬೇಡಿ. ಭೇದಿ ಶುರುವಾದ ಒಂದು ವಾರದ ಹೊತ್ತಿಗೆ, ಭೇದಿ ಕಡಿಮೆಯಾಗುತ್ತಿರುವಾಗಲೇ, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಮೂತ್ರ ಕಡಿಮೆಯಾಗುವುದು, ಮುಖ ಬಿಳಿಚಿ ಊದುವುದು, ಮಂಕು ಕವಿಯುವುದು ಕಂಡರೆ ಅದೇ ಗಳಿಗೆ ಆಸ್ಪತ್ರೆ. ಅಲ್ಲಿಯವರೆಗೆ ಒಂದು ಲೀಟರ್ ನೀರಿಗೆ ಒಂದು ಪೂರ್ತಿ ಪೊಟ್ಟಣ ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಪೊಟ್ಟಣದ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ, ಕಣ್ಣಳತೆಯಲ್ಲಿ ಅರ್ಧ ಪೊಟ್ಟಣ ಹಾಕಬೇಡಿ.

ಪ್ರಶ್ನೆ: ಸಾಲ್ಮೊನೆಲ್ಲಾ ಸೋಂಕು ವಾಸಿಯಾಗಿ ನಾಲ್ಕು ತಿಂಗಳಾದರೂ ಹೊಟ್ಟೆ ಹದಕ್ಕೆ ಬಂದಿಲ್ಲ. ಇದು ಐಬಿಡಿಗೆ ತಿರುಗಿತೇ?

ಉತ್ತರ: ಬಹುಶಃ ಇಲ್ಲ. ಕರುಳಿನ ಸೋಂಕಾದ ಹತ್ತರಲ್ಲಿ ಸುಮಾರು ಒಬ್ಬರಿಗೆ ಹೀಗೆ ಐಬಿಎಸ್ ಉಳಿದುಕೊಳ್ಳುತ್ತದೆ. ರಕ್ತವಿಲ್ಲ, ತೂಕ ಇಳಿದಿಲ್ಲ, ರಾತ್ರಿ ಎಬ್ಬಿಸುವುದಿಲ್ಲ, ಹಿಮೋಗ್ಲೋಬಿನ್ ಸರಿಯಿದೆ, ಕ್ಯಾಲ್‌ಪ್ರೊಟೆಕ್ಟಿನ್ 50ರ ಕೆಳಗಿದೆ ಎಂದಾದರೆ ಆ ಕಡೆ ಒಲಿಯಬಹುದು. ಮೇಲೆ ತಪ್ಪು ದಿನ ಮಾಡಿಸಿದ್ದೀರಿ ಎಂದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಗೆ ಸರಿಯಾದ ದಿನ ಇದು.

ಪ್ರಶ್ನೆ: ಭೇದಿ ನಿಂತ ಎರಡು ವಾರಕ್ಕೆ ಮೊಣಕಾಲು ಊದಿದೆ, ಕಣ್ಣು ಕೆಂಪಾಗಿದೆ. ಕೀಲುನೋವು ಐಬಿಡಿಯ ಲಕ್ಷಣವಂತೆ, ಹೌದೇ?

ಉತ್ತರ: ಐಬಿಡಿಯಲ್ಲೂ ಬರುತ್ತದೆ, ಆದರೆ ಕ್ಯಾಂಪಿಲೋಬ್ಯಾಕ್ಟರ್, ಸಾಲ್ಮೊನೆಲ್ಲಾ, ಶಿಗೆಲ್ಲಾ, ಯೆರ್ಸಿನಿಯಾ ಸೋಂಕು ಮುಗಿದ 1ರಿಂದ 4 ವಾರದಲ್ಲೂ ಹೀಗೆ ಕೀಲು ಊದುತ್ತದೆ, ರಿಯಾಕ್ಟಿವ್ ಆರ್ಥ್ರೈಟಿಸ್ ಎನ್ನುತ್ತಾರೆ. ಐಬಿಡಿಯ ಮಂಡಿನೋವು ಹೆಚ್ಚಾಗಿ ಕರುಳು ಕೆರಳಿರುವಾಗಲೇ ಕೆರಳುತ್ತದೆ, ನಿಮ್ಮಲ್ಲಿ ಭೇದಿ ನಿಂತ ಮೇಲೆ ಬಂದಿದೆ. ಜ್ವರದೊಡನೆ ಒಂದೇ ಕೀಲು ಬಿಸಿಯಾಗಿ ಊದಿದ್ದರೆ ಅಲ್ಲಿಯ ದ್ರವವನ್ನು ತೆಗೆದು ಕೀವಿನ ಸೋಂಕಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಕಣ್ಣಿನಲ್ಲಿ ನೋವಿದ್ದರೆ, ಬೆಳಕು ಚುಚ್ಚಿದಂತಾದರೆ, ದೃಷ್ಟಿ ಮಬ್ಬಾದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ. ಕಣ್ಣಿನೊಳಗಿನ ಉರಿಯೂತ ಎರಡೂ ಕಾಯಿಲೆಗಳಲ್ಲಿ ಬರುತ್ತದೆ, ಅದಕ್ಕೆ ಚಿಕಿತ್ಸೆ ಕರುಳಿನ ವರದಿ ಬರುವತನಕ ಕಾಯುವಂಥದ್ದಲ್ಲ. ಮಂಡಿನೋವಿಗೆಂದು ಐಬುಪ್ರೊಫೇನ್ ತೆಗೆದುಕೊಳ್ಳುವ ಮುನ್ನ ಇತ್ತೀಚೆಗೆ ರಕ್ತಭೇದಿಯಾಗಿತ್ತೆಂದು ವೈದ್ಯರಿಗೆ ಹೇಳಿ.